ಕೀ ತಿರುಗಿಸಿದರೆ ಬರೀ ಕಟಕಟ

ಗಂಡಸಿ ಕಡೆಯ ಹಳ್ಳಿಗಳಲ್ಲಿ ಕಾರು ಇಟ್ಟುಕೊಂಡವರ ಮನೆ ಬಾಗಿಲನ್ನು ಹೊತ್ತಲ್ಲದ ಹೊತ್ತಿನಲ್ಲಿ ಜನ ತಟ್ಟುತ್ತಾರೆ. ಹೆರಿಗೆ ನೋವು ಅಂತ, ಹಾವು ಕಚ್ಚಿತು ಅಂತ, ತೆಂಗಿನ ಮರದಿಂದ ಬಿದ್ದರು ಅಂತ. ನಾವು ಮೂವರು ದುಡ್ಡು ಹಾಕಿ ಸುದ್ದಿ ತಿರುಗಾಟಕ್ಕೆಂದು ಕೊಂಡ ಹಳೇ ಪೆಟ್ರೋಲ್ ಕಾರು ಈಗ ವಾರಕ್ಕೆರಡು ಸಲ ಪಕ್ಕದ ಮನೆ ಅಜ್ಜಿಯನ್ನು ಡಯಾಲಿಸಿಸ್‌ಗೆ ಹಾಸನಕ್ಕೆ ಕರೆದೊಯ್ಯುತ್ತದೆ. ಹೇಳಿದ ಹೊತ್ತಿಗೆ ಹೋಗದಿದ್ದರೆ ಆ ದಿನದ ಸರದಿ ತಪ್ಪುತ್ತದೆ. ಆಮೇಲೆ ಅಜ್ಜಿಯ ಕಾಲು ಊದಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ.

ಡಿಸೆಂಬರಿನ ಒಂದು ಬೆಳಗ್ಗೆ ಅಜ್ಜಿ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಾಗಿತ್ತು. ಕೀ ತಿರುಗಿಸಿದರೆ ‘ಕಟಕಟಕಟ’ ಎಂಬ ಸದ್ದು, ಅಷ್ಟೇ. ಐದೇ ನಿಮಿಷಕ್ಕೆ ಸುತ್ತ ಜನ ಸೇರಿದರು. “ಬ್ಯಾಟರಿ ಹೋಗೈತೆ, ಹೊಸದು ಹಾಕ್ಸಿ” ಎಂದರು ಒಬ್ಬರು. “ಪ್ಲಗ್ ಬಿಚ್ಚಿ ನೋಡ್ರಪ್ಪ” ಎಂದರು ಇನ್ನೊಬ್ಬರು. “ಮಾತ್ಯಾಕೆ, ತಳ್ರೋ” ಎಂದು ಹುಡುಗರು ಹಿಂದೆ ಬಂದರು. ಲಾರಿ ಓಡಿಸಿ ಮನೆ ಸೇರಿದ ನಮ್ಮ ಬೀದಿಯ ಹಿರಿಯರೊಬ್ಬರು ಮಾತ್ರ, “ಸುಮ್ನಿರ್ರೋ, ಅದೇನು ಸದ್ದು ಮಾಡ್ತೈತೆ ಅಂತ ಕೇಳ್ಬೇಕು ಮೊದ್ಲು” ಎಂದರು.

ಹೆಡ್‌ಲೈಟ್ ಹಾಕಿಸಿ ಇನ್ನೊಮ್ಮೆ ಕೀ ತಿರುಗಿಸಲು ಹೇಳಿದರು. ಲೈಟು ಪೂರ್ತಿ ಮಂಕಾಯಿತು. ಬಾನೆಟ್ ಎತ್ತಿ ಬ್ಯಾಟರಿಯ ಕಪ್ಪು ವೈರಿನ ತುದಿಯನ್ನು ಕೈಯಲ್ಲಿ ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಅಲುಗಿತು. ಸುತ್ತಲೂ ಬಿಳಿ, ಹಸಿರು ಪುಡಿ ಕಟ್ಟಿತ್ತು. ಹತ್ತನೇ ನಂಬರ್ ಸ್ಪಾನರಿನಲ್ಲಿ ಮೊದಲು ಕಪ್ಪು ವೈರ್, ಆಮೇಲೆ ಕೆಂಪು ವೈರ್ ಬಿಚ್ಚಿದೆವು. ಅಜ್ಜಿಯ ಸೊಸೆ ತಂದ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಮರಳು ಕಾಗದದಲ್ಲಿ ಉಜ್ಜಿ, ಮೊದಲು ಕೆಂಪು, ಕೊನೆಗೆ ಕಪ್ಪು ಬಿಗಿದೆವು. ಗಾಡಿ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅಜ್ಜಿಗೆ ಸರದಿ ಸಿಕ್ಕಿತು.

ಅಂದಿನಿಂದ ನಾವು ಈ ಸದ್ದುಗಳನ್ನು ಬೇರೆ ಬೇರೆಯಾಗಿ ಕೇಳುವುದು ಕಲಿತೆವು. ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟಾರು ನೂರು ಆಂಪಿಯರಿಗೂ ಮೀರಿ ಕರೆಂಟು ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ದೀಪಕ್ಕೆ, ಹಾರನ್ನಿಗೆ ಅದರ ಚೂರು ಸಾಕು. ಆದ್ದರಿಂದ ಹಾರನ್ ಬಂದರೆ ಬ್ಯಾಟರಿ ಚೆನ್ನಾಗಿದೆ ಎನ್ನುವುದು ಸುಳ್ಳು. ಮೋಟಾರಿಗೆ ಕರೆಂಟು ಬಿಡುವ ಸೊಲೆನಾಯ್ಡ್ ಒಳಗೆ ಎಳೆದುಕೊಂಡ ಕೂಡಲೇ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತದೆ, ವೋಲ್ಟೇಜ್ ಏರಿದಾಗ ಮತ್ತೆ ಎಳೆದುಕೊಳ್ಳುತ್ತದೆ. ಕಟಕಟ ಅಂದರೆ ಅದೇ. ಬ್ಯಾಟರಿ ಇಳಿದಿರಬೇಕು, ಇಲ್ಲವೇ ದಾರಿಯಲ್ಲಿ ಎಲ್ಲೋ ವೈರು ಸಡಿಲವಾಗಿರಬೇಕು.

ಲೈಟು ಮಂಕಾಗದೆ ‘ಟಕ್’ ಎಂದು ಒಂದೇ ಗಟ್ಟಿ ಸದ್ದು ಬಂದರೆ ಅನುಮಾನ ಸ್ಟಾರ್ಟರ್ ಮೇಲೆ. ಕಾರ್ಬನ್ ಬ್ರಷ್ ಸವೆದಿರಬಹುದು, ಸೊಲೆನಾಯ್ಡ್ ಹೋಗಿರಬಹುದು. ಹಾಗಾದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದೇ ಸರಿ. ಸದ್ದೇ ಇಲ್ಲದಿದ್ದರೆ ಫ್ಯೂಸು, ಕೀ ಸ್ವಿಚ್ಚು, ಇಲಿ ಕಡಿದ ವೈರು ನೋಡಬೇಕು. ಆಟೊಮ್ಯಾಟಿಕ್ ಗಾಡಿಯಾದರೆ ಗೇರ್ ‘ಪಿ’ಯಲ್ಲೋ ‘ಎನ್’ನಲ್ಲೋ ಇದೆಯೇ ಎಂದು ನೋಡಿ. ಇಂಜಿನ್ ಗರಗರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಆಗ ಮಾತ್ರ ಪೆಟ್ರೋಲು, ಪ್ಲಗ್ಗಿನ ಮಾತು.

ವೈರೆಲ್ಲ ಬಿಗಿ ಇದ್ದೂ ಕಟಕಟ ಅಂದರೆ ಇನ್ನೊಂದು ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ಜಂಪ್ ಕೇಬಲ್ ಕೊಡಬಹುದು. ಕೆಂಪು ಕೇಬಲನ್ನು ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿಯನ್ನು ಒಳ್ಳೆಯದರ ಪ್ಲಸ್‌ಗೆ ಹಾಕಿ. ಕಪ್ಪನ್ನು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿಯನ್ನು ಕೆಟ್ಟ ಗಾಡಿಯ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಕೊಡಿ. ಆ ತುದಿಯನ್ನು ಬ್ಯಾಟರಿಗೇ ಕೊಡಬೇಡಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಕಿಡಿ ಸಿಡಿದರೆ ಹೊತ್ತಿಕೊಳ್ಳುತ್ತದೆ. ಹತ್ತಿರ ಬೀಡಿ ಹಚ್ಚಲೂ ಬಿಡಬೇಡಿ.

ತಳ್ಳುವುದು ಕೊನೆಯ ಮಾತು. ಗೇರ್ ಇರುವ ಗಾಡಿಯಾದರೆ ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿಹಿಡಿದು, ವೇಗ ಬಂದಮೇಲೆ ಬಿಡಬೇಕು. ಆಟೊಮ್ಯಾಟಿಕ್ ಗಾಡಿಗೆ ಇದು ಆಗುವುದಿಲ್ಲ. ಅಂಬಾಸಿಡರ್‌ಗೆ ಮುಂದಿನಿಂದ ಹ್ಯಾಂಡಲ್ ಹೊಡೆಯುತ್ತಿದ್ದ ಕಾಲವನ್ನು ಆ ಹಿರಿಯರು ನೆನೆಯುತ್ತಾರೆ. ಹ್ಯಾಂಡಲ್ ತಿರುಗಿ ಹೊಡೆದು ಕೈ ಮುರಿದುಕೊಂಡವರು ಆಗ ಅಪರೂಪವಲ್ಲ. ಆ ಕಷ್ಟ ತಪ್ಪಿಸಲೆಂದೇ ಅಮೆರಿಕದಲ್ಲಿ 1912ರ ಕ್ಯಾಡಿಲಾಕ್ ಕಾರಿಗೆ ಕರೆಂಟಿನ ಸೆಲ್ಫ್ ಬಂತು.

ಹೇಗೋ ಸ್ಟಾರ್ಟ್ ಆಯಿತೆಂದು ಮರೆಯಬೇಡಿ. ನೂರಿನ್ನೂರು ರೂಪಾಯಿಯ ಮಲ್ಟಿಮೀಟರ್ ಹಿಡಿದು ನೋಡಿ. ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಓಡುವಾಗಲೂ ಏರದಿದ್ದರೆ ತಪ್ಪು ಆಲ್ಟರ್ನೇಟರ್ ಕಡೆಯದು. ಹೊಸ ಬ್ಯಾಟರಿ ಹಾಕಿದರೂ ಅದು ನಾಲ್ಕು ದಿನಕ್ಕೆ ಇಳಿಯುತ್ತದೆ.

ಈಗ ನಮ್ಮ ಡಿಕ್ಕಿಯಲ್ಲಿ ಹತ್ತನೇ ನಂಬರ್ ಸ್ಪಾನರು, ಮರಳು ಕಾಗದ, ಜಂಪ್ ಕೇಬಲ್ ಕಾಯಂ ಇವೆ. ಡಯಾಲಿಸಿಸ್‌ನ ಹಿಂದಿನ ಸಂಜೆಯೇ ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತೇವೆ. ಎದೆನೋವು, ಹೆರಿಗೆ, ಹಾವು ಕಡಿತಕ್ಕೆ ಯಾರಾದರೂ ಬಾಗಿಲು ತಟ್ಟಿದಾಗ ಗಾಡಿ ಕಟಕಟ ಅಂದರೆ ಬಾನೆಟ್ ಎತ್ತುವ ಮೊದಲು 108ಕ್ಕೆ ಫೋನ್ ಮಾಡುವುದೆಂದು ಬೀದಿಯವರೆಲ್ಲ ಮಾತಾಡಿಕೊಂಡಿದ್ದೇವೆ.