ನೀರು ಹೊತ್ತವನೇ ಹೀರೋ!

ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಬೈಕು ಹತ್ತಿ ಮರಳುಗಾಡಿಗೆ ನುಗ್ಗಿದ ನಿಮ್ಮ ಮೆಚ್ಚಿನ ಹೀರೋ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಗಟಗಟ ನೀರು ಕುಡಿದದ್ದನ್ನು ಎಷ್ಟು ಸಲ ನೋಡಿದ್ದೀರಿ? ಕಣ್ಣಿಗೆ ಕರೀ ಕನ್ನಡಕ ಉಂಟು. ಕತ್ತಿಗೆ ಕರ್ಚೀಫು ಉಂಟು. ಹಿಂದೆ ಧೂಳಿನ ಮೋಡ ಉಂಟು. ನೀರಿನ ಕ್ಯಾನು ಮಾತ್ರ ಎಲ್ಲೂ ಇಲ್ಲ! ಟೆಂಟಿಲ್ಲ, ಹೊದಿಕೆಯಿಲ್ಲ, ಪಂಕ್ಚರ್ ಸಾಮಾನಿಲ್ಲ. ಅದು ಸಿನಿಮಾ ಸ್ವಾಮಿ. ನೀರಿನ ಲಾರಿ ಕ್ಯಾಮೆರಾ ಹಿಂದೆ ನಿಂತಿರುತ್ತೆ.

ನಾನು ಹೇಳಹೊರಟಿರುವುದು ಕ್ಯಾಮೆರಾ ಇಲ್ಲದ ಪ್ರಯಾಣದ ಕಥೆ. ನಾಲ್ಕು ಹಗಲು, ಮೂರು ರಾತ್ರಿ, ಎರಡು ಬೈಕು. ಜಾಗ ಅಮೆರಿಕದ ಕ್ಯಾಲಿಫೋರ್ನಿಯಾ. ಹಾಲಿವುಡ್ಡಿನ ಮಂದಿ ನೂರು ವರ್ಷದಿಂದ ಕುದುರೆ, ಬಂದೂಕು, ಕ್ಯಾಮೆರಾ ಹೊತ್ತುಕೊಂಡು ಹೋಗುತ್ತಿರುವ ಮರಳುಗಾಡು, ಅದರ ಪಕ್ಕದಲ್ಲೇ ಹಿಮದ ಬೆಟ್ಟ.

ನಾನಿರುವುದು ಲಾಸ್ ಏಂಜಲೀಸಿನಲ್ಲಿ. ಜೊತೆಗೆ ಬಂದವನು ನನ್ನ ಸೋದರಮಾವನ ಮಗ, ರಾಮನಗರದ ಕಡೆಯ ಹುಡುಗ, ನನಗಿಂತ ನಾಲ್ಕು ವರ್ಷ ಚಿಕ್ಕವನು. ಬಾಯಿ ತೆಗೆದರೆ "ಬಾವ, ಬಾವ". ಅಷ್ಟು ದೊಡ್ಡ ದೇಶದಲ್ಲಿ ನನಗೆ ಇದ್ದ ರಕ್ತಸಂಬಂಧ ಅವನೊಬ್ಬನೇ. ಅವನ ಕಂಪನಿಯಲ್ಲಿ ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಪಾಸ್‌ವರ್ಡೇ ಕೆಲಸ ಮಾಡಲಿಲ್ಲ. ಕೆಲಸ ಹೋಗಿತ್ತು! ಅವನ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಅದರಲ್ಲಿ 22 ದಿನ ಆಗಲೇ ಕಳೆದಿತ್ತು.

"ಬಾವ, ನಾಲ್ಕು ದಿನ ಎಲ್ಲಾದರೂ ಹೋಗಿ ಬರೋಣ. ಫೋನ್ ಸಿಗ್ನಲ್ ಇರಬಾರದು" ಅಂದ. ಅವನನ್ನು ಹೇಗಾದರೂ ಇಲ್ಲೇ ಉಳಿಸಿಕೊಳ್ಳುವ ಮಾತು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಹೂಂ ಅಂದೆ.

ಹನ್ನೆರಡು ಲೀಟರು

ಅಕ್ಟೋಬರ್ ಕೊನೆಯ ವಾರ. ಬೇಸಿಗೆಯಲ್ಲಿ ಆ ಕಡೆ ಬೈಕಿನಲ್ಲಿ ಹೋಗುವುದು ಹುಚ್ಚುತನ. ಅವನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ನಮ್ಮ ಮದ್ರಾಸಿನಿಂದ ಸಮುದ್ರ ದಾಟಿ ಬಂದ ಗಾಡಿ. ನನ್ನದು ಹಳೇ ಕವಾಸಕಿ. ಟೆಂಟು, ಮಲಗುವ ಚೀಲ, ಪುಟ್ಟ ಗ್ಯಾಸ್ ಸ್ಟೌವ್, ಅವಲಕ್ಕಿ, ಹುರಿಹಿಟ್ಟು ಎಲ್ಲಾ ನನ್ನ ಗಾಡಿಗೆ. ನೀರು ಅವನ ಗಾಡಿಗೆ. ಆರಾರು ಲೀಟರಿನ ಎರಡು ಚೀಲ, ಸೀಟಿನ ಎರಡೂ ಪಕ್ಕ. ಮರಳುಗಾಡಿನ ಪಾರ್ಕಿನವರು ಹೇಳುವ ಲೆಕ್ಕ ತಲೆಗೆ ದಿನಕ್ಕೆ ನಾಲ್ಕು ಲೀಟರು. ಇವನ ಲೆಕ್ಕ ತಲೆಗೆ ಆರು!

"ಇಷ್ಟು ಯಾಕೋ? ಹನ್ನೆರಡು ಕೇಜಿ ಭಾರ" ಅಂದೆ.

"ನಾವು ನೀರು ಹೊಡೆಯೋ ವಂಶ ಕಣೋ ಬಾವ" ಅಂತ ನಕ್ಕ.

ಅದು ತಮಾಷೆ ಮಾತಲ್ಲ. ಅವನ ಅಜ್ಜ, ಅಂದರೆ ನನ್ನ ತಾಯಿಯ ತಂದೆ, ರಾಮನಗರದಲ್ಲಿ 'ಶೋಲೆ' ಷೂಟಿಂಗ್ ನಡೆದಾಗ ಎತ್ತಿನ ಗಾಡಿಯಲ್ಲಿ ನೀರು ಹೊಡೆದವನು. 1973ರ ಅಕ್ಟೋಬರಿನಲ್ಲಿ ಷೂಟಿಂಗ್ ಶುರು, 1975ರ ಆಗಸ್ಟ್ 15ಕ್ಕೆ ಚಿತ್ರ ಬಿಡುಗಡೆ. ಮಿಕ್ಕಿದ್ದು ನಿಮಗೆ ನಾನು ಹೇಳಬೇಕೆ? ಗಬ್ಬರ್ ಕೂತ ಬಂಡೆ ನಮ್ಮ ಬಂಡೆ! ಆದರೆ ಅಜ್ಜ ಸಾಯುವ ತನಕ ಹೇಳುತ್ತಿದ್ದದ್ದು ಒಂದೇ ದೂರು: "ಧರ್ಮೇಂದ್ರ ಹತ್ತಿದ ನೀರಿನ ಟ್ಯಾಂಕು ತೋರಿಸಿದರು. ನನ್ನ ಗಾಡಿ ತೋರಿಸಲಿಲ್ಲ."

ಮೊದಲ ದಿನ ಉತ್ತರಕ್ಕೆ ಹೊರಟು ಮೊಹಾವೆ ಮರುಭೂಮಿ ಹೊಕ್ಕೆವು. ದಾರಿಯ ಪಕ್ಕ ಗುಡ್ಡದ ಮೈಮೇಲೆ ಇಳಿದು ಹತ್ತುವ ಭಾರಿ ಕಬ್ಬಿಣದ ಕೊಳವೆ ಕಂಡಿತು. "ಇದೇನು ಬಾವ, ಎಣ್ಣೆಯಾ?" ಅಂದ. "ನೀರು. ಎಲ್ಲಿಂದ ಬರುತ್ತೆ ಅಂತ ನಾಡಿದ್ದು ತೋರಿಸ್ತೀನಿ" ಅಂದೆ. ರಾತ್ರಿ ರೆಡ್ ರಾಕ್ ಕ್ಯಾನಿಯನ್‌ನಲ್ಲಿ ಟೆಂಟು. 'ಜುರಾಸಿಕ್ ಪಾರ್ಕ್' (1993) ಚಿತ್ರದ ಆರಂಭದಲ್ಲಿ ಡೈನೊಸಾರ್ ಮೂಳೆ ಅಗೆಯುವ ದೃಶ್ಯ ನೆನಪಿದೆಯೇ? ಕಥೆಯಲ್ಲಿ ಅದು ಬೇರೆ ರಾಜ್ಯ, ಷೂಟಿಂಗ್ ನಡೆದದ್ದು ಈ ಕೆಂಪು ಗುಡ್ಡಗಳ ನಡುವೆ. ಟೆಂಟಿನ ಹೊರಗೆ ಮಲಗಿ ನೋಡಿದರೆ... ಅಬ್ಬಾ! ನಕ್ಷತ್ರ ಅಂದರೆ ಸಕ್ಕರೆ ಚೆಲ್ಲಿದ ಹಾಗೆ.

ಸಾವಿನ ಕಣಿವೆ

ಎರಡನೆಯ ದಿನ ಟ್ರೋನಾ ಎಂಬ ಉಪ್ಪು-ಸೋಡಾದ ಊರು ದಾಟಿ ಪ್ಯಾನಮಿಂಟ್ ಕಣಿವೆಗೆ ಇಳಿದೆವು. ಅಲ್ಲಿಂದ ಮುಂದೆ ಮೈಲಿಗಟ್ಟಲೆ ಮನೆಯಿಲ್ಲ, ಮರವಿಲ್ಲ. ಅಡ್ಡಗಾಳಿ ಬೈಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದ ಹಾಗೆ ಬೀಸುತ್ತಿತ್ತು. ಬಿಸಿಲು 38 ಡಿಗ್ರಿ. ಬೆವರು ಬರುವುದೇ ಗೊತ್ತಾಗುವುದಿಲ್ಲ, ಬಂದ ಕ್ಷಣ ಆರಿ ಹೋಗುತ್ತದೆ. ಮೋಸ ಇರುವುದೇ ಅಲ್ಲಿ. ಒದ್ದೆಯಾಗಲಿಲ್ಲ, ಹಾಗಾಗಿ ದಣಿದಿಲ್ಲ ಅಂದುಕೊಳ್ಳುತ್ತೀರಿ. ಒಳಗೆ ರಕ್ತ ಗಟ್ಟಿಯಾಗುತ್ತಿರುತ್ತೆ.

ಇವನು ಪ್ರತಿ ಅರ್ಧ ಗಂಟೆಗೆ ಹಾರ್ನ್ ಹೊಡೆದು ಗಾಡಿ ನಿಲ್ಲಿಸುತ್ತಿದ್ದ. "ಕುಡಿ ಬಾವ. ಬಾಯಾರಿದ ಮೇಲೆ ಕುಡಿಯೋದಲ್ಲ, ಆರೋಕ್ಕೆ ಮುಂಚೆ ಕುಡೀಬೇಕು."

ಹಾಗೆ ಹೋಗುತ್ತಿದ್ದಾಗ ರಸ್ತೆ ಬದಿಯಲ್ಲಿ ದೊಡ್ಡ ಬೈಕೊಂದು ನಿಂತಿತ್ತು. ಅದರ ನೆರಳಿನಲ್ಲಿ ಒಬ್ಬ ಬಿಳಿಗಡ್ಡದ ಮುದುಕ. ತೊಗಲಿನ ಜಾಕೀಟು, ಬೂಟು, ಥೇಟ್ ಸಿನಿಮಾ ವೇಷ! ಆದರೆ ಮುಖ ಕೆಂಪಡರಿತ್ತು, ಮಾತು ತೊದಲುತ್ತಿತ್ತು. ಗಾಡಿ ಕೆಟ್ಟು ಎರಡು ಗಂಟೆಯಾಗಿತ್ತಂತೆ. ಬಾಟಲಿ ಖಾಲಿ.

ನಾನು ಫೋನು ತೆಗೆದು ಸಿಗ್ನಲ್ ಹುಡುಕುತ್ತಾ ನಿಂತೆ. ನಮ್ಮ ಹುಡುಗ ಮಾತೇ ಆಡಲಿಲ್ಲ. ಮುದುಕನ ಜಾಕೀಟು ಬಿಚ್ಚಿದ. ಟವೆಲು ನೆನೆಸಿ ಕತ್ತಿಗೆ ಸುತ್ತಿದ. ನೀರಿಗೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸಿದ. ನಲವತ್ತು ನಿಮಿಷ! ಒಂದು ಚೀಲ ಪೂರ್ತಿ ಖಾಲಿ. ಕೊನೆಗೆ ಆ ಕಡೆಯಿಂದ ಬಂದ ಪಿಕಪ್ ಗಾಡಿಯವರು ಮುದುಕನನ್ನು ಹತ್ತಿಸಿಕೊಂಡರು. ಹತ್ತುವ ಮುಂಚೆ ಮುದುಕ ಇವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಏನೂ ಹೇಳಲಿಲ್ಲ.

ಅಲ್ಲಿಂದ 1,511 ಮೀಟರ್ ಎತ್ತರದ ಟೌನ್ ಪಾಸ್ ಹತ್ತಿ ಇಳಿದರೆ ಡೆತ್ ವ್ಯಾಲಿ, ಸಾವಿನ ಕಣಿವೆ. 1994ರಿಂದ ರಾಷ್ಟ್ರೀಯ ಉದ್ಯಾನ. ಇಲ್ಲಿನ ಮರಳದಿಬ್ಬಗಳಲ್ಲೇ 'ಸ್ಟಾರ್ ವಾರ್ಸ್' (1977) ಚಿತ್ರದ ಕೆಲವು ದೃಶ್ಯ ತೆಗೆದದ್ದು. ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ ಶಾಖ 56.7 ಡಿಗ್ರಿ, ಜಗತ್ತಿನ ದಾಖಲೆ. ನಾವು ಟೆಂಟು ಹಾಕಿದ್ದೂ ಅಲ್ಲೇ. ಅಂದಹಾಗೆ, ಅಲ್ಲಿ ಬರೀ ಪ್ರವಾಸಿಗಳಿಲ್ಲ. ಟಿಂಬಿಶಾ ಶೋಶೋನಿ ಎಂಬ ಮೂಲನಿವಾಸಿಗಳ ಊರೂ ಇದೆ. ಬಿಳಿಯರು 'ಸಾವು' ಎಂದು ಹೆಸರಿಟ್ಟ ಕಣಿವೆಯಲ್ಲಿ ಅವರು ತಲೆತಲಾಂತರದಿಂದ ಬದುಕಿದ್ದಾರೆ. ಒರತೆ ಎಲ್ಲಿದೆ ಅಂತ ಗೊತ್ತಿದ್ದವರಿಗೆ ಅದು ಮನೆ.

ಆ ರಾತ್ರಿ ಅವನಿಗೆ ಒಂದು ಮೂಕಿ ಚಿತ್ರದ ಕಥೆ ಹೇಳಿದೆ. 1924ರ 'ಗ್ರೀಡ್', ಅಂದರೆ ದುರಾಸೆ. ನಿರ್ದೇಶಕ ಎರಿಕ್ ವಾನ್ ಸ್ಟ್ರೋಹೈಮ್. ಪುಣ್ಯಾತ್ಮ ಸ್ಟುಡಿಯೋ ಬೇಡವೆಂದು ನಡುಬೇಸಿಗೆಯಲ್ಲಿ ತಂಡವನ್ನು ಇದೇ ಕಣಿವೆಗೆ ಎಳೆದುತಂದ. ಕ್ಲೈಮ್ಯಾಕ್ಸ್ ಏನು ಗೊತ್ತೇ? ಚಿನ್ನಕ್ಕಾಗಿ ಇಬ್ಬರು ಹಳೇ ಗೆಳೆಯರ ಕಾದಾಟ. ಗುಂಡು ಹಾರಿ ಇದ್ದ ನೀರೆಲ್ಲ ಮರಳಿನ ಪಾಲು. ಒಬ್ಬ ಸತ್ತ. ಉಳಿದವನ ಕೈಗೆ ಸತ್ತವನ ಕೈ ಜೊತೆ ಬೇಡಿ! ಪಕ್ಕದಲ್ಲಿ ಚಿನ್ನದ ರಾಶಿ, ಕುಡಿಯಲು ತೊಟ್ಟು ನೀರಿಲ್ಲ. ಚಿತ್ರ ಮುಗಿಯಿತು.

ಇವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಬಾವ, ನಮ್ಮ ಆಫೀಸಿನ ಕಥೆಯೂ ಇಷ್ಟೇ."

ಗಂಗಾ ದೀನ್

ಮೂರನೆಯ ದಿನ ಬೆಳಿಗ್ಗೆ ಬ್ಯಾಡ್‌ವಾಟರ್. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಉತ್ತರ ಅಮೆರಿಕಕ್ಕೇ ಅತಿ ತಗ್ಗು. ಎತ್ತ ನೋಡಿದರೂ ಬಿಳೀ ಉಪ್ಪು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಎರಡು ಬೆಟ್ಟಸಾಲು ದಾಟಿ ಸಂಜೆಗೆ ಲೋನ್ ಪೈನ್ ಊರು ಸೇರಿದೆವು. ಊರಿನ ನೆತ್ತಿಯ ಮೇಲೆ ಮೌಂಟ್ ವಿಟ್ನಿ, 4,421 ಮೀಟರ್. ಬೆಳಿಗ್ಗೆ ಪಾತಾಳ, ಸಂಜೆ ಹಿಮಶಿಖರದ ಬುಡ!

ಶಿಖರದ ಕೆಳಗೆ ಗುಂಡುಗುಂಡು ಬಂಡೆಗಳ ರಾಶಿ, ಅಲಬಾಮಾ ಹಿಲ್ಸ್. ಇವನು ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದವನೇ "ಲೋ ಬಾವ! ರಾಮನಗರ!" ಅಂತ ಕೂಗಿಬಿಟ್ಟ. ನಿಜ. ಅದೂ ಗ್ರಾನೈಟು, ಇದೂ ಗ್ರಾನೈಟು. ಇದರ ವಯಸ್ಸು ಎಂಟು ಕೋಟಿ ವರ್ಷ ಚಿಲ್ಲರೆ, ನಮ್ಮದು ಸುಮಾರು 250 ಕೋಟಿ. ನಮ್ಮ ಬಂಡೆಯೇ ಹಿರಿಯಣ್ಣ.

ಇಲ್ಲಿ ತೆಗೆದ ಕೌಬಾಯ್ ಚಿತ್ರಗಳಿಗೆ ಲೆಕ್ಕವೇ ಇಲ್ಲ. ಊರಿನಲ್ಲಿ ಅದಕ್ಕೆಂದೇ ಒಂದು ಮ್ಯೂಸಿಯಂ ಇದೆ, ಬಂಡೆಗಳ ನಡುವಿನ ಮಣ್ಣುರಸ್ತೆಗೆ 'ಮೂವಿ ರೋಡ್' ಎಂದೇ ಹೆಸರು. 'ಐರನ್ ಮ್ಯಾನ್' (2008) ಚಿತ್ರದ ಅಫಘಾನಿಸ್ತಾನ ಇದೇ. ಅಷ್ಟೇ ಅಲ್ಲ, 1939ರಲ್ಲಿ ಇದೇ ಬಂಡೆಗಳು ಭಾರತವಾಗಿದ್ದವು! ಜಾರ್ಜ್ ಸ್ಟೀವನ್ಸ್ ನಿರ್ದೇಶನದ 'ಗಂಗಾ ದೀನ್'. ಕ್ಯಾರಿ ಗ್ರಾಂಟ್ ಮತ್ತಿಬ್ಬರು ಬ್ರಿಟಿಷ್ ಸೋಲ್ಜರುಗಳು, ಹಿಂದೆ ಖೈಬರ್ ಬೆಟ್ಟವಾಗಿ ನಿಂತದ್ದು ಇದೇ ಹಿಮಸಾಲು. ಗಂಗಾ ದೀನ್ ಯಾರು? ಭಿಸ್ತಿ. ಪಲ್ಟನ್ನಿಗೆ ತೊಗಲಚೀಲದಲ್ಲಿ ನೀರು ಹೊರುವವನು. ಚಿತ್ರಕ್ಕೆ ಅವನ ಹೆಸರಿಟ್ಟರು. ಆದರೆ ಪಾತ್ರ ಮಾಡಿದವನು ಸ್ಯಾಮ್ ಜಾಫೆ ಎಂಬ ಅಮೆರಿಕನ್ ನಟ, ಮುಖಕ್ಕೆ ಕಪ್ಪು ಬಳಿದುಕೊಂಡು. ಕೊನೆಗೆ ಕಹಳೆ ಊದಿ ದೊರೆಗಳ ಸೈನ್ಯ ಉಳಿಸಿ ಸಾಯುತ್ತಾನೆ. ನೀರು ಹೊತ್ತವನು ಹೀರೋ ಆಗಬೇಕಾದರೆ ಸಾಯಲೇಬೇಕೇ?

ಬಂಡೆಯ ಮೇಲೆ ಕೂತರೆ ಕೆಳಗೆ ಓವೆನ್ಸ್ ಕಣಿವೆ. ಮೊದಲ ದಿನ ಕಂಡ ಕೊಳವೆಯ ಗುಟ್ಟು ಇಲ್ಲಿದೆ. 1913ರಲ್ಲಿ ಲಾಸ್ ಏಂಜಲೀಸ್ ನಗರ ಇಲ್ಲಿನ ನದಿಯನ್ನು 375 ಕಿಲೋಮೀಟರ್ ಕಾಲುವೆ-ಕೊಳವೆಯಲ್ಲಿ ತನ್ನ ಮನೆಗೆ ಒಯ್ದಿತು. ಪಂಪಿಲ್ಲ, ಬರೀ ಇಳಿಜಾರು! ಹತ್ತು ಹನ್ನೆರಡು ವರ್ಷದಲ್ಲಿ ದೊಡ್ಡ ಕೆರೆ ಬತ್ತಿ ಧೂಳಾಯಿತು. 1924ರ ನವೆಂಬರಿನಲ್ಲಿ ರೈತರು ಲೋನ್ ಪೈನ್ ಹತ್ತಿರದ ತೂಬಿಗೆ ನುಗ್ಗಿ ನಾಲ್ಕು ದಿನ ನೀರನ್ನು ಮತ್ತೆ ನದಿಗೆ ಬಿಟ್ಟರು. ಪಕ್ಕದಲ್ಲೇ ಷೂಟಿಂಗಿನಲ್ಲಿದ್ದ ಕೌಬಾಯ್ ತಾರೆ ಟಾಮ್ ಮಿಕ್ಸ್ ಅವರಿಗೆ ಬ್ಯಾಂಡು ಕಳಿಸಿಕೊಟ್ಟ ಅಂತ ಹೇಳ್ತಾರೆ. 1974ರ 'ಚೈನಾಟೌನ್' ಚಿತ್ರಕ್ಕೆ ಸ್ಫೂರ್ತಿ ಈ ನೀರಿನ ಜಗಳವೇ. ನನ್ನ ಅಡುಗೆಮನೆ ನಲ್ಲಿಗೂ ಒಂದು ಪಾಲು ಬರುವುದು ಇಲ್ಲಿಂದಲೇ.

ಆ ರಾತ್ರಿ ಟಟಲ್ ಕ್ರೀಕ್‌ನಲ್ಲಿ ಟೆಂಟು. ಹಲ್ಲು ಕಡಿಯುವ ಚಳಿ. ಕೂಡಿಟ್ಟಿದ್ದ ಮಾತೆಲ್ಲ ಆಡಿದೆ. ಇನ್ನೊಂದು ಕಾಲೇಜು ಸೇರು, ವೀಸಾ ಬದಲಾಯಿಸು, ಫೀಜಿಗೆ ನಾನಿದ್ದೀನಿ ಅಂದೆ.

"ಸುಮ್ಮನೆ ಇರೋದಕ್ಕೆ ಅಂತ ಓದಲಾ ಬಾವ? ಊರಲ್ಲಿ ಅಪ್ಪನ ಹಿಪ್ಪುನೇರಳೆ ತೋಟ ಒಣಗ್ತಾ ಇದೆ. ಎರಡು ಬೋರು ಫೇಲು. ಸಾಲ ತೀರಿಸೋಕೆ ಬೆಂಗಳೂರಲ್ಲಿ ಕೆಲಸ ಹುಡುಕ್ತೀನಿ, ಶನಿವಾರ ಭಾನುವಾರ ತೋಟ. ಕೆರೆ ಹೂಳು ಎತ್ತಿಸಬೇಕು. ಹೀರೋ ಡೈಲಾಗ್ ಅಂದ್ಕೋಬೇಡ. ನಿನ್ನೆ ಆ ಮುದುಕನಿಗೆ ನೀರು ಕುಡಿಸಿದ ಮೇಲೆ ಒಂದು ತಿಂಗಳಿಂದ ಬರದೇ ಇದ್ದ ನಿದ್ದೆ ಬಂತು. ಅಷ್ಟೇ."

ಏನು ಹೇಳಲಿ? ಟೆಂಟಿನ ಹೊರಗೆ ತೊರೆಯ ಸದ್ದು. ನಾನು ಅಳಲಿಲ್ಲ ಅಂದರೆ ನೀವು ನಂಬಬೇಕಾಗಿಲ್ಲ.

ಬೆಳಿಗ್ಗೆ ತಟ್ಟೆಯಲ್ಲಿ ಉಳಿದಿದ್ದ ನೀರು ಗಾಜಿನ ಬಿಲ್ಲೆಯಾಗಿತ್ತು. ಹಾವಿನಂಥ ರಸ್ತೆಯಲ್ಲಿ 2,500 ಮೀಟರ್ ಎತ್ತರದ ವಿಟ್ನಿ ಪೋರ್ಟಲ್ ಹತ್ತಿದೆವು. ಹಿಮ ಕರಗಿದ ನೀರು ಜಲಪಾತವಾಗಿ ಬೀಳುತ್ತಿತ್ತು. ಇವನು ಕೈಚೀಲ ಕಳಚಿ ನೀರಿನಲ್ಲಿ ಕೈಯಿಟ್ಟು ಕೆಂಪಗಾಗುವ ತನಕ ತೆಗೆಯಲಿಲ್ಲ. ಆಮೇಲೆ ಆ ನೀರು ಹರಿದು ಹೋಗುವ ದಾರಿಯಲ್ಲೇ ನಾವೂ ಇಳಿದು ಮನೆ ಸೇರಿದೆವು.

ಗಡುವಿಗೆ ಇನ್ನೂ ಒಂಬತ್ತು ದಿನ ಇರುವಾಗಲೇ ಅವನು ವಿಮಾನ ಹತ್ತಿದ.

ಹುಡುಗರೇ, ಬೈಕಿನಲ್ಲಿ ದೂರ ಹೋಗಬೇಕೆಂಬ ಆಸೆ ಇದ್ದರೆ ಖಂಡಿತ ಹೋಗಿ. ಕನ್ನಡಕ ಮರೆತರೂ ನೀರು ಮರೆಯಬೇಡಿ, ನಿಮಗಿಷ್ಟು, ದಾರಿಯಲ್ಲಿ ಸಿಗುವವನಿಗಿಷ್ಟು. ಮುಂದಿನ ಸಲ ಟಾಕೀಸಿನಲ್ಲಿ ಹೀರೋ ಧೂಳೆಬ್ಬಿಸಿಕೊಂಡು ಬಂದಾಗ ಧಾರಾಳವಾಗಿ ಶಿಳ್ಳೆ ಹೊಡೀರಿ. ಜೊತೆಗೆ ಇನ್ನೊಂದು ಶಿಳ್ಳೆ, ತೆರೆಗೆ ಬಾರದ ಆ ಎತ್ತಿನ ಗಾಡಿಯವನಿಗೆ.

ಅವನ ಹಿಮಾಲಯನ್ ಮಾರಿ ಆಯಿತು. ಆರು ಲೀಟರಿನ ಆ ಎರಡು ಚೀಲ ಮಾತ್ರ ನನ್ನ ಹಳೇ ಕವಾಸಕಿಯ ಮೇಲಿವೆ. ಇನ್ನು ಹೊರುವ ಸರದಿ ನನ್ನದು.