ಮಗಳ ಬೈಕಿನಲ್ಲಿ ಕಾರ್ಕಳಕ್ಕೆ

ಮಣಿಪಾಲದಲ್ಲಿ ಕೆಲಸಕ್ಕಿರುವ ಮಗಳು ಬೈಕು ಕೊಂಡಿದ್ದಾಳೆಂದು ನನಗೆ ಗೊತ್ತಾದದ್ದು ಈ ಜನವರಿಯಲ್ಲಿ, ಅಲ್ಲಿ ಬಸ್ಸಿಳಿದ ಮೇಲೆಯೇ. ಸ್ಕೂಟರಲ್ಲ, ಗಂಡಸರು ಓಡಿಸುವಂಥ ಬೈಕು! "ಅಪ್ಪಂಗೆ ಹೇಳ್ಬೇಡಮ್ಮ" ಅಂದಳು. ನಮ್ಮವರು ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡವರು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಚಕ್ರದ ಗಾಡಿಯ ಮಾತೇ ಎತ್ತುವಂತಿಲ್ಲ. ಹುಡುಗಿ ಹೊಟ್ಟೆಗೆ ಸರಿಯಾಗಿ ತಿನ್ನುತ್ತಾಳೋ ಇಲ್ಲವೋ ನೋಡಿಬರೋಣವೆಂದು ನಾನು ಅರಸೀಕೆರೆಯಿಂದ ಹೊರಟಿದ್ದೆ. ಈಗ ಇದೊಂದು ಹೊಸ ಚಿಂತೆ.

ಮರುದಿನ ಭಾನುವಾರ. "ಒಂದು ದಿನ ನನ್ನ ಹಿಂದೆ ಕೂತು ನೋಡು, ಆಮೇಲೆ ಬೈಯುವಿಯಂತೆ" ಎಂದು ತನ್ನ ಚೂಡಿದಾರ ಕೊಟ್ಟಳು, ತಲೆಗೆ ಹೆಲ್ಮೆಟ್ ಬಿಗಿದಳು. ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂತು ರೂಢಿಯಾದವಳು ನಾನು. ಯಾರಾದರೂ ನೋಡಿ ನಕ್ಕಾರೆಂದು ನಾಚಿಕೆ. ಯಾರೂ ನೋಡಲಿಲ್ಲ ಬಿಡಿ.

ಉಡುಪಿಗೆ ಐದೇ ಕಿಲೋಮೀಟರು. ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ, ರಥಬೀದಿಯ ಹತ್ತಿರವೇ ತಿಂಡಿಗೆ ಕೂತೆವು. ಗೋಳಿಬಜೆ ಮತ್ತು ಬನ್ಸ್. ಬನ್ಸ್ ಎಂದರೆ ಬೇಕರಿಯ ಬನ್ನು ಅಂದುಕೊಳ್ಳಬೇಡಿ. ಕಳಿತ ಬಾಳೆಹಣ್ಣು ಕಿವುಚಿ, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡ ಹಾಕಿ ಮೈದಾ ಕಲಸಿ, ರಾತ್ರಿಯಿಡೀ ಬಿಟ್ಟು, ದಪ್ಪಗೆ ಲಟ್ಟಿಸಿ ಕರಿಯುವುದು. ಮನೆಯಲ್ಲಿ ಹಣ್ಣು ಕಪ್ಪಾಯಿತೆಂದು ಎಸೆಯುವವರು ಮಾಡಿ ನೋಡಬಹುದು.

ಅಲ್ಲಿಂದ ಹೆದ್ದಾರಿ ಹಿಡಿದೆವು. ಹಿಂದಿನಿಂದ ಬಸ್ಸೊಂದು ಹಾರ್ನ್ ಬಾರಿಸುತ್ತ ಬಂದಾಗ ನಾನು ಕಣ್ಣು ಮುಚ್ಚಿ ಅವಳ ಭುಜ ಗಟ್ಟಿಯಾಗಿ ಹಿಡಿದೆ. ಅವಳು ವೇಗ ತಗ್ಗಿಸಿ, ಎಡಕ್ಕೆ ಸರಿದು, ಬಸ್ಸಿಗೆ ದಾರಿ ಬಿಟ್ಟಳು. ಹಟಕ್ಕೆ ಬೀಳಲಿಲ್ಲ. ಇದನ್ನು ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಕಟಪಾಡಿಯಲ್ಲಿ ಕಡಲಿನ ಕಡೆ ತಿರುಗಿದರೆ ಮಟ್ಟು ಎಂಬ ಊರು. ಇಲ್ಲಿ ಬೆಳೆಯುವ ಗುಂಡು ಬದನೆಗೆ ಮಟ್ಟುಗುಳ್ಳ ಎಂದೇ ಹೆಸರು. ತಿಳಿ ಹಸಿರು ಬಣ್ಣ, ತೆಳ್ಳನೆ ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು. ಇದರ ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರೆಂಬುದು ಊರವರ ನಂಬಿಕೆ. 2011ರಲ್ಲಿ ಇದಕ್ಕೆ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿತು. ದಾರಿಬದಿಯಲ್ಲಿ ಮಾರುತ್ತಿದ್ದ ಹೆಂಗಸಿನ ಹತ್ತಿರ ಮಗಳು ಕೂತು, ಒಂದೊಂದೇ ಕಾಯಿ ಒತ್ತಿ ನೋಡಿ, "ಏತ್?" ಅಂದಳು. ಎಷ್ಟು ಅಂತ, ತುಳುವಿನಲ್ಲಿ! ಆಮೇಲೆ ಇಬ್ಬರೂ ಏನೇನೋ ಮಾತಾಡಿ ನಕ್ಕರು. ನನಗೊಂದಕ್ಷರ ತಿಳಿಯಲಿಲ್ಲ. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ. ಹಿಂದೆ ಸಂತೆಯಲ್ಲಿ ಅವಳು ನನ್ನ ಚೀಲ ಹಿಡಿದು ನಿಲ್ಲುತ್ತಿದ್ದ ಹಾಗೆ.

ಕಾಪುವಿನ ದೀಪಸ್ತಂಭ 1901ರದು, ಕಡಲಂಚಿನ ಬಂಡೆಯ ಮೇಲಿದೆ. ನಾವು ಹೋದಾಗ ಬಾಗಿಲು ತೆರೆದಿರಲಿಲ್ಲ. ಬಂಡೆಯ ಮೇಲೆ ಕೂತು ಎಳನೀರು ಕುಡಿದೆವು. ಆಮೇಲೆ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ ಸೇರುವಾಗ ಮಧ್ಯಾಹ್ನ.

ನೀವು ಹೋಗುವುದಾದರೆ ಮಧ್ಯಾಹ್ನ ಬೇಡ. ಬರಿಗಾಲಲ್ಲಿ ಹತ್ತಬೇಕು, ಬಂಡೆ ಕಾದ ಹಂಚಿನಂತಿರುತ್ತದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟನ ಎತ್ತರ 42 ಅಡಿ. ಶ್ರವಣಬೆಳಗೊಳದ 58 ಅಡಿಯ ಮೂರ್ತಿ ಕಂಡವಳಿಗೆ ಇದು ಚಿಕ್ಕದಾಗಿ ಕಾಣಬೇಕಿತ್ತು. ಕಾಣಲಿಲ್ಲ. ಎದುರಿನ ದಿಣ್ಣೆಯ ಮೇಲೆ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಒಂದೇ ತರಹದ ಬಾಗಿಲು. ಒಳಗೆ ಎಂಥ ತಂಪು! ನಾನಂತೂ ಅಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಊಟಕ್ಕೆ ಚಿಕ್ಕ ಹೋಟೆಲು. ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ. ಒಂದೆಲಗದ ಸೊಪ್ಪು, ಕಾಯಿತುರಿ, ಜೀರಿಗೆ, ಹಸಿಮೆಣಸು ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು, ಕುದಿಸುವಂತಿಲ್ಲ. ಒಗ್ಗರಣೆ ಮಾತ್ರ ಕೊಬ್ಬರಿ ಎಣ್ಣೆಯದು. ನಮ್ಮದು ಕೊಬ್ಬರಿ ಮಾರುವ ಊರು, ಆದರೂ ಆ ಎಣ್ಣೆ ನಮಗೆ ತಲೆಗೆ ಹಚ್ಚುವುದಕ್ಕೇ. ಮೊದಲ ತುತ್ತು ಕಷ್ಟವಾಯಿತು, ಎರಡನೇ ಸಲ ನಾನೇ ಕೇಳಿ ಬಡಿಸಿಕೊಂಡೆ.

ಹಿರಿಯಡಕದ ದಾರಿಯಲ್ಲಿ ಮಣಿಪಾಲಕ್ಕೆ ವಾಪಸಾದಾಗ ಕತ್ತಲಾಗಿತ್ತು. ನಾನು ಅಡಿಗೆಗೆ ಏಳಹೋದರೆ ಮಗಳು ಬಿಡಲಿಲ್ಲ. ಗುಳ್ಳ ಹೆಚ್ಚಿ ನೀರಿಗೆ ಹಾಕಿ, ಬೆಂದ ತೊಗರಿಬೇಳೆ, ಹಸಿಮೆಣಸು, ಹುಣಿಸೆರಸ, ಬೆಲ್ಲ ಸೇರಿಸಿ ಕುದಿಯಲಿಟ್ಟಳು. ಕಾಯಿ ರುಬ್ಬಿ ಹಾಕದ ಈ ಹುಳಿಗೆ ಬೋಳು ಹುಳಿ ಅಂತಾರೆ. ಪಕ್ಕದ ಮನೆಯವರು ಹೇಳಿಕೊಟ್ಟರಂತೆ.

ಅಷ್ಟರಲ್ಲಿ ನಮ್ಮವರ ಫೋನು. "ಕಾರ್ಕಳಕ್ಕೆ ಹೇಗೆ ಹೋದಿರಿ, ಬಸ್ಸಲ್ಲೋ?"

ಮಗಳು ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಇವಳ ಬೈಕಲ್ಲಿ. ಚೆನ್ನಾಗಿ ಓಡಿಸ್ತಾಳೆ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೆಲ್ಮೆಟ್ ಹಾಕಿದ್ರಾ?" ಎಂದರು.

"ಇಬ್ಬರೂ ಹಾಕಿದ್ವಿ."

"ಅವಳ ಕೈಗೆ ಕೊಡು ಫೋನು."

ಕೊಟ್ಟು ಒಲೆಯ ಕಡೆ ತಿರುಗಿದೆ. ಹುಳಿ ಉಕ್ಕುತ್ತಿತ್ತು.