ಚೋರ್ಲಾ ಘಟ್ಟದಿಂದ ಉದ್ಯಮಬಾಗಕ್ಕೆ

ಗೋವೆಯ ಅಡಿಗೆಮನೆಗಳಿಗೂ ಬೆಳಗಾವಿಯ ತೋಟಪಟ್ಟಿಗಳಿಗೂ ಇರುವ ನಂಟು ದಿನನಿತ್ಯದ ನಂಟು. ಬೆಳಗಾವಿಯ ಸುತ್ತಲಿನ ಹೊಲಗಳಲ್ಲಿ ಬೆಳೆದ ಕೋಸು, ಗಜ್ಜರಿ, ಬದನೆ, ಹಸಿಮೆಣಸಿನಕಾಯಿಗಳು ಇರುಳಿನಲ್ಲಿ ಗಾಡಿಯೇರಿ, ಸಹ್ಯಾದ್ರಿಯನ್ನಿಳಿದು, ಬೆಳಕು ಹರಿಯುವ ಹೊತ್ತಿಗೆ ಪಣಜಿ, ಮಾಪಸಾ ಮೊದಲಾದ ಪೇಟೆಗಳನ್ನು ಮುಟ್ಟುತ್ತವೆ. ಹೀಗೆ ಇಳಿದುಹೋದ ಡೀಸೆಲ್ ಪಿಕಪ್ ಗಾಡಿಗಳು ಹಗಲಿನಲ್ಲಿ ಬರಿದಾಗಿ ಮರಳಿ ಘಟ್ಟವನ್ನು ಹತ್ತುತ್ತವೆ. ಮನೆ ಬದಲಾಯಿಸುವವರಿಗೆ ಇದರಿಂದ ಒಂದು ಅನುಕೂಲವುಂಟು: ಬರಿದಾಗಿ ಹೋಗುವ ಗಾಡಿಯಲ್ಲಿ ಸಾಮಾನು ಸಾಗಿಸುವುದಕ್ಕೆ ಬಾಡಿಗೆ ಕಡಿಮೆ.

ಕಳೆದ ಮಾಗಿಯಲ್ಲಿ ನಾವು ದಂಪತಿಗಳು ನಮ್ಮ ಪಾತ್ರೆಪಗಡ, ಪುಸ್ತಕದ ಪೆಟ್ಟಿಗೆಗಳೊಡನೆ ಇಂಥದೇ ಒಂದು ಗಾಡಿಯನ್ನೇರಿ ಮಾಪಸೆಯಿಂದ ಬೆಳಗಾವಿಗೆ ಹೊರಟೆವು. ಗಾಡಿಯ ಒಡೆಯನೇ ಚಾಲಕ. ಮೂವತ್ತರ ಆಸುಪಾಸಿನ ಮಿತಭಾಷಿ. ಗಾಡಿಯ ಮೇಲಿನ ಸಾಲ ಇನ್ನೂ ತೀರಿರಲಿಲ್ಲವೆಂಬುದೂ, ಮರುದಿನದ ರಾತ್ರಿಗೆ ತರಕಾರಿಯ ಮಾಲು ಗೊತ್ತಾಗಿದೆಯೆಂಬುದೂ ದಾರಿಯ ಮಾತಿನಲ್ಲಿ ತಿಳಿದುಬಂದಿತು.

ಸಾಂಖಳಿಯನ್ನು ದಾಟಿದ ಮೇಲೆ ದಾರಿ ಅಡಿಕೆಯ ಬಾಗಾಯತಗಳ ನಡುವೆ ಸಾಗಿ ಕೇರಿ ಎಂಬ ಊರನ್ನು ಸೇರುತ್ತದೆ. ಅಲ್ಲಿಂದ ಘಟ್ಟದ ಏರು. ತಿರುವಿನ ಮೇಲೆ ತಿರುವು ಏರಿದಂತೆಲ್ಲ ಕೆಳಗೆ ಅಂಜುಣೆ ಜಲಾಶಯದ ನೀರು ಕಾಡಿನ ಮಡಿಲಲ್ಲಿ ಹಾಸಿದ ಬಟ್ಟೆಯಂತೆ ತೋರುತ್ತದೆ. ಒಂದು ಕಡೆ ಗೋವೆಯ ಮಹದಾಯಿ ಅಭಯಾರಣ್ಯ. ಘಟ್ಟದ ಮೇಲೆ, ಕರ್ನಾಟಕದ ಕಡೆ, 2011ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯ. ಮೂರು ರಾಜ್ಯಗಳ ಎಲ್ಲೆ ಕೂಡುವ ಈ ನೆಲದಲ್ಲಿ ಮರಗಳು ಮಾತ್ರ ಎಲ್ಲೆಯನ್ನು ಅರಿಯದೆ ಒಂದೇ ಸಮನೆ ಹಬ್ಬಿಕೊಂಡಿವೆ.

ಈ ಏರಿನಲ್ಲಿಯೇ ಗಾಡಿಯ ದನಿ ಕೆಟ್ಟಿತು. ಮಾಪಸೆಯಲ್ಲಿ ಎಂಜಿನನ್ನು ಹಚ್ಚಿದಾಗ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿ, ಕೆಲವು ಮೈಲಿ ಹೋಗುವಷ್ಟರಲ್ಲಿ ಅಡಗಿತ್ತು. ಈಗ ಅದು ಬುಸುಗುಟ್ಟುವ ಸದ್ದಾಗಿ ಮರಳಿ ಬಂದಿತು. ಗಾಡಿಯ ಎಳೆತ ಕುಗ್ಗಿತು. ಹಿಂದೆ ಕಪ್ಪು ಹೊಗೆ ಕಾಣಿಸಿತು. ಅದಕ್ಕಿಂತಲೂ ಹೆಚ್ಚಾಗಿ, ಕುಳಿತ ಕೋಣೆಯೊಳಗೇ ಸುಟ್ಟ ಡೀಸೆಲ್ಲಿನ ವಾಸನೆ ತುಂಬತೊಡಗಿತು. ಚಳಿಗೆಂದು ಕಿಟಕಿಯನ್ನು ಮುಚ್ಚಿ ಕುಳಿತಿದ್ದ ನಮ್ಮ ಮನೆಯವರು ತಲೆನೋವೆಂದು ಹೇಳಿ ಕಣ್ಣು ಮುಚ್ಚಿಕೊಂಡರು. ಚಾಲಕನು ಕೂಡಲೆ ಎರಡೂ ಕಿಟಕಿಗಳನ್ನಿಳಿಸಿ, ವಿಶಾಲವಾದ ಒಂದು ತಿರುವಿನಲ್ಲಿ ಗಾಡಿಯನ್ನು ನಿಲ್ಲಿಸಿದನು. ಅರ್ಧ ಗಂಟೆ ಹೊರಗಿನ ಗಾಳಿಯಲ್ಲಿ ಕುಳಿತ ಮೇಲೆ ತಲೆನೋವು ಇಳಿಯಿತು.

ಮನೆವಂದಿಗರು ಇದನ್ನು ಅರಿತಿರಬೇಕು. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಪೆಟ್ರೋಲಿನ ಹೊಗೆಯಲ್ಲಿರುವುದಕ್ಕಿಂತ ಕಡಿಮೆ. ಆದರೆ ಇಲ್ಲದೆ ಇಲ್ಲ. ಆ ವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಓಕರಿಕೆ, ಜೋಂಪುಗಳೇ ಅದರ ಮೊದಲ ಗುರುತುಗಳು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಸಾರಿದೆ. ಗಾಡಿಯೊಳಗೆ ಹೊಗೆಯ ವಾಸನೆ ಬಂದರೆ ಕಿಟಕಿ ತೆರೆಯುವುದು, ನಿಲ್ಲಿಸಿ ಕೆಳಗಿಳಿಯುವುದು, ಎಂಜಿನ್ ನಡೆಯುತ್ತಿರುವಾಗ ಒಳಗೆ ಯಾರನ್ನೂ ಮಲಗಗೊಡದಿರುವುದು, ಇಷ್ಟನ್ನು ಯಾರೂ ಮರೆಯಲಾಗದು.

ಕಿಟಕಿಗಳನ್ನು ತೆರೆದಿಟ್ಟು ನಿಧಾನವಾಗಿ ಘಟ್ಟವನ್ನು ಮುಗಿಸಿದೆವು. ಮೇಲೆ ಕಣಕುಂಬಿಯಲ್ಲಿ ಮಲಪ್ರಭೆಯ ಉಗಮಸ್ಥಾನ. ಘಟ್ಟದ ಈ ಮಗ್ಗುಲಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಇದೇ ಕಾಡುಗಳ ಮಹದಾಯಿ ಪಡುವಣಕ್ಕಿಳಿದು ಮಾಂಡವಿಯೆಂಬ ಹೆಸರಿನಿಂದ ಪಣಜಿಯ ಬಳಿ ಕಡಲನ್ನು ಕೂಡುತ್ತದೆ. ಹಗಲಾಗಿದ್ದರೆ ಇಳಿದು ನೋಡಬೇಕಾದ ಸ್ಥಳ, ನಮಗೆ ಕತ್ತಲಾಗಿತ್ತು. ಜಾಂಬೋಟಿಯನ್ನು ದಾಟಿ, ಪಿರನವಾಡಿಯಲ್ಲಿ ಖಾನಾಪುರದ ಹೆದ್ದಾರಿಯನ್ನು ಹಿಡಿದು, ಉದ್ಯಮಬಾಗವನ್ನು ಸೇರುವಾಗ ರಾತ್ರಿ ಎಂಟು ಹೊಡೆದಿತ್ತು.

ಕೆಟ್ಟ ಗಾಡಿಗೆ ಇದಕ್ಕಿಂತ ತಕ್ಕ ಊರು ಸಿಕ್ಕುವುದು ದುರ್ಲಭ. ಬೆಳಗಾವಿಯನ್ನು ಕುಂದಾ ಎಂಬ ಸಿಹಿತಿಂಡಿಗಾಗಿಯೂ, ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವು 1924ರಲ್ಲಿ ನಡೆದ ಊರೆಂಬುದಕ್ಕಾಗಿಯೂ ಎಲ್ಲರೂ ಬಲ್ಲರು. ಆ ಅಧಿವೇಶನ ನಡೆದ ಟಿಳಕವಾಡಿಗೆ ಹತ್ತಿಕೊಂಡೇ ಇರುವ ಉದ್ಯಮಬಾಗದಲ್ಲಿ ಬೀಡು ಕಬ್ಬಿಣವನ್ನು ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳೂ, ಆ ಎರಕಗಳನ್ನು ಕಡೆದು ನಯಗೊಳಿಸುವ ಕಾರ್ಖಾನೆಗಳೂ ಬೀದಿಬೀದಿಗೆ ಇವೆ. ಮೋಟಾರುಗಳ ಅನೇಕ ಅಂಗಗಳು ಹುಟ್ಟುವುದೇ ಇಲ್ಲಿ.

ಚಾಲಕನಿಗೆ ಪರಿಚಿತನಾದ ಮಿಸ್ತ್ರಿಯ ಮನೆ ಗ್ಯಾರೇಜಿನ ಹಿಂದೆಯೇ ಇತ್ತು. ಊಟಕ್ಕೆ ಕುಳಿತಿದ್ದ ಮುದುಕನು ಕೈತೊಳೆದು ಬಂದು, ಎಂಜಿನಿನ ಮುಚ್ಚಳವನ್ನೆತ್ತಿ, ಬ್ಯಾಟರಿಯ ಬೆಳಕನ್ನು ಬಿಟ್ಟು ನೋಡಿದನು. ಎಂಜಿನಿನ ಮಗ್ಗುಲಿಗೆ ಕಟ್ಟಿದ್ದ ಒಂದು ಕಬ್ಬಿಣದ ಅಂಗದ ಮೇಲೆ ಮಸಿಯ ಗೆರೆಯೊಂದು ಎಳೆದಂತಿತ್ತು.

ಅದರ ಹೆಸರು ಎಗ್ಝಾಸ್ಟ್ ಮ್ಯಾನಿಫೋಲ್ಡ್. ನಾಲ್ಕು ಬೆರಳುಗಳು ಅಂಗೈಯಲ್ಲಿ ಕೂಡುವಂತೆ, ಎಂಜಿನಿನ ನಾಲ್ಕು ಸಿಲಿಂಡರುಗಳಿಂದ ಹೊರಬೀಳುವ ಸುಡುಹೊಗೆಯನ್ನು ನಾಲ್ಕು ಕೊಳವೆಗಳಿಂದ ಪಡೆದು ಒಂದೇ ಬಾಯಿಗೆ ತರುವುದು ಅದರ ಕೆಲಸ. ಆ ಹೊಗೆಯ ಒತ್ತಡವೇ ಮುಂದೆ ಟರ್ಬೊ ಎಂಬ ಚಕ್ರವನ್ನು ತಿರುಗಿಸಿ ಎಂಜಿನಿಗೆ ಹೆಚ್ಚಿನ ಗಾಳಿಯನ್ನೂಡುತ್ತದೆ. ಮ್ಯಾನಿಫೋಲ್ಡ್ ಬಿರಿದರೆ ಒತ್ತಡ ನಡುವೆಯೇ ಸೋರುತ್ತದೆ, ಟರ್ಬೊ ಸೋಲುತ್ತದೆ, ಗಾಳಿ ಸಾಲದೆ ಡೀಸೆಲ್ ಕಪ್ಪಾಗಿ ಉರಿಯುತ್ತದೆ. ತಣ್ಣಗಿದ್ದಾಗ ತೆರೆದುಕೊಂಡ ಬಿರುಕು ಕಬ್ಬಿಣ ಕಾದು ಹಿಗ್ಗಿದಾಗ ಮುಚ್ಚಿಕೊಳ್ಳುವುದೂ ಉಂಟು. ಮುಂಜಾನೆಯ ಸದ್ದು ದಾರಿಯಲ್ಲಿ ಅಡಗಿದುದರ ಗುಟ್ಟು ಇದೇ.

ಚಾಲಕನು ಕೈಮುಗಿದಂತೆ ನಿಂತು, “ಕಾಕಾ, ಒಂದು ಟಾಕಾ ಹಾಕಿ ಬಿಡ್ರಿ. ನಾಳೆ ರಾತ್ರಿ ಮಾಲು ಹೋಗಬೇಕ್ರಿ” ಎಂದನು.

“ಹಿಂದ ಹಾಕಿಸಿದ ಟಾಕಾನ ಇಲ್ಲೈತಲ್ಲೋ ತಮ್ಮಾ! ಅದರ ಬಗಲಾಗನ ಮತ್ತ ಸೀಳೈತಿ” ಎಂದು ಮುದುಕನು ಬೆರಳಿಟ್ಟು ತೋರಿಸಿದನು.

ಎರಡು ತಿಂಗಳ ಹಿಂದೆ ಬೇರೊಂದು ಕಡೆ ಅಗ್ಗಕ್ಕೆ ಬೆಸುಗೆ ಹಾಕಿಸಿದ್ದುದು ಆಗ ಹೊರಬಿದ್ದಿತು. ಬೀಡಿನಲ್ಲಿ ನೂರಕ್ಕೆ ಮೂರು ಪಾಲಿನಷ್ಟು ಇಂಗಾಲವಿರುತ್ತದೆ. ಬೆಸುಗೆಯ ಬಿಸಿ ತಾಗಿ ಬೇಗನೆ ಆರಿದ ಅಂಚು ಗಾಜಿನಂತೆ ಪೆಡಸಾಗಿ, ಮುಂದಿನ ಬಿಸಿಗೆ ಅಲ್ಲಿಯೇ ಸೀಳುತ್ತದೆ. ಇಡೀ ತುಂಡನ್ನು ಮೊದಲೇ ಕಾಯಿಸಿ, ನಿಕ್ಕೆಲ್ ಕಡ್ಡಿಯಿಂದ ಬೆಸೆದು, ಬೆಚ್ಚಗಿನ ಬೂದಿಯಲ್ಲಿ ಹುಗಿದು ಮೆಲ್ಲಮೆಲ್ಲನೆ ಆರಿಸಿದರೆ ನಿಲ್ಲುವುದುಂಟು. ಆದರೆ ಪ್ರತಿ ರಾತ್ರಿ ಘಟ್ಟವನ್ನು ಹತ್ತಿಳಿಯುವ ಗಾಡಿಗೆ ಅದನ್ನು ನಂಬಿ ಕೊಡಲಾರೆನೆಂದು ಮಿಸ್ತ್ರಿ ಹೇಳಿದನು. ಹೊಸದರ ಬೆಲೆ ಕೇಳಿ ಚಾಲಕನ ಮುಖ ಸಣ್ಣದಾಯಿತು. ಅದು ಹಲವು ರಾತ್ರಿಗಳ ದುಡಿಮೆ. ಆದರೆ ನಮ್ಮ ಮನೆಯವರ ಕಡೆ ಒಮ್ಮೆ ನೋಡಿ, “ಆಗಲಿ ಕಾಕಾ, ಹೊಸಾದ ಹಾಕ್ರಿ” ಎಂದನು.

ಅಂದಿನ ರಾತ್ರಿ ಮಿಸ್ತ್ರಿಯು ಮಾಡಿದ ಕೆಲಸ ಒಂದೇ. ಎಂಜಿನ್ ಆರಿದ ಮೇಲೆ ಮ್ಯಾನಿಫೋಲ್ಡಿನ ನಟ್ಟುಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆಯನ್ನು ಸಿಂಪಡಿಸಿ, “ರಾತ್ರಿಯೆಲ್ಲ ಅದು ಕುಡೀಲಿ” ಎಂದು ಹೇಳಿ ಮಲಗಿದನು.

ಮರುದಿನ ನಮ್ಮ ಸಾಮಾನನ್ನು ಬೇರೊಂದು ಗಾಡಿಯಲ್ಲಿ ಹೊಸ ಮನೆಗೆ ಕಳುಹಿಸಿ ಕುತೂಹಲದಿಂದ ಗ್ಯಾರೇಜಿಗೆ ಮರಳಿದೆವು. ಬ್ಯಾಟರಿಯ ತಂತಿ ಬಿಚ್ಚಿತ್ತು. ಬಿಸಿ ತಡೆಯುವ ತಗಡು, ಗಾಳಿಯ ಕೊಳವೆ, ಟರ್ಬೊಗೆ ಎಣ್ಣೆ ಒಯ್ಯುವ ನಳಿಕೆಗಳು ಒಂದೊಂದಾಗಿ ಹೊರಬಂದು ನೆಲದ ಮೇಲಿನ ಬಟ್ಟೆಯಲ್ಲಿ ಸಾಲಾಗಿ ಕುಳಿತಿದ್ದವು. ಮಿಸ್ತ್ರಿಯು ಪಾನಾದಿಂದ ನಟ್ಟನ್ನು ಒಮ್ಮೆಲೆ ತಿರುಗಿಸುತ್ತಿರಲಿಲ್ಲ. ಕಾಲು ಸುತ್ತು ಬಿಚ್ಚಿ, ಮರಳಿ ತುಸು ಬಿಗಿದು, ಮತ್ತೆ ಬಿಚ್ಚುತ್ತಿದ್ದನು. ಇಷ್ಟಾದರೂ ಕೊನೆಯ ಸ್ಟಡ್ಡೊಂದು ಬುಡದಲ್ಲಿ ಮುರಿದು ಎಂಜಿನಿನ ತಲೆಯೊಳಗೆ ಉಳಿಯಿತು. ಉಳಿದ ಮೋಟಿನ ಮೇಲೆ ಹೊಸ ನಟ್ಟೊಂದನ್ನು ಬೆಸೆದು, ಆರಲು ಬಿಟ್ಟು, ಆ ನಟ್ಟನ್ನು ಹಿಡಿದು ಮೋಟನ್ನು ಹೊರತೆಗೆಯುವುದರೊಳಗೆ ಮಧ್ಯಾಹ್ನವಾಯಿತು. ರಾತ್ರಿಯ ಮಾಲು ತಪ್ಪಿತೆಂಬುದು ಎಲ್ಲರಿಗೂ ತಿಳಿಯಿತು. ಚಾಲಕನು ಹೊರಗೆ ಹೋಗಿ ಫೋನಿನಲ್ಲಿ ಮಾತನಾಡಿ ಬಂದು ಸುಮ್ಮನೆ ಕುಳಿತನು.

ಹಳೆಯ ಮ್ಯಾನಿಫೋಲ್ಡನ್ನು ಚಪ್ಪಟೆಯಾದ ಉಕ್ಕಿನ ಪಟ್ಟಿಗೆ ಹಿಡಿದು ಮಿಸ್ತ್ರಿಯು ನಮಗೆ ತೋರಿಸಿದನು. ನಡುವೆ ಬೆಳಕು ಕಾಣುತ್ತಿತ್ತು; ಅದು ಬಾಗಿತ್ತು. ಬಂಡಿಯ ಗಾಲಿಗೆ ಹಳಿ ತೊಡಿಸುವ ಕಮ್ಮಾರನನ್ನು ಕಂಡವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾದ ಕಬ್ಬಿಣ ಹಿಗ್ಗುತ್ತದೆ, ಆರಿದ ಕಬ್ಬಿಣ ಕುಗ್ಗುತ್ತದೆ. ಘಟ್ಟದ ಏರಿನಲ್ಲಿ ಈ ಹೊಗೆಯ ಕಾವು 600 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ಅದನ್ನು ಕಟ್ಟಿರುವ ಎಂಜಿನಿನ ತಲೆಯಾದರೋ ನೀರಿನಿಂದ ತಂಪಾಗಿ ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಅರ್ಧ ಮೀಟರ್ ಉದ್ದದ ಬೀಡು 500 ಡಿಗ್ರಿಯಷ್ಟು ಕಾದರೆ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಆದುದರಿಂದಲೇ ಮ್ಯಾನಿಫೋಲ್ಡಿನ ತೂತುಗಳನ್ನು ಸ್ಟಡ್ಡಿಗಿಂತ ತುಸು ದೊಡ್ಡದಾಗಿ ಇಟ್ಟಿರುತ್ತಾರೆ. ಆ ಎಡೆ ತುಕ್ಕಿನಿಂದ ಮುಚ್ಚಿದರೆ ಕಬ್ಬಿಣ ಬೆಳೆಯಲೂ ಆರದೆ ಕುಗ್ಗಲೂ ಆರದೆ ಸೀಳುತ್ತದೆ.

“ಕಬ್ಬಿಣಕ್ಕೂ ಕೈಕಾಲು ಚಾಚಾಕ ಜಾಗಾ ಬೇಕ್ರಿ” ಎಂದನು ಮಿಸ್ತ್ರಿ. ಅನಂತರ ಗಾಡಿಯ ಕೆಳಗೆ ನುಸುಳಿ, ಸೈಲೆನ್ಸರಿನ ಕೊಳವೆಯನ್ನು ಎತ್ತಿ ಹಿಡಿಯುವ ಆಧಾರವೊಂದು ಮುರಿದಿರುವುದನ್ನು ತೋರಿಸಿದನು. ಕೊಳವೆಯ ಭಾರವೆಲ್ಲ ತೂಗಾಡುತ್ತ ಕಾದ ಬೀಡಿನ ಮೇಲೆ ಬೀಳುತ್ತಿತ್ತು. ಅದನ್ನು ಹಾಗೆಯೇ ಬಿಟ್ಟು ಹೊಸ ಮ್ಯಾನಿಫೋಲ್ಡನ್ನು ಹಾಕಿದ್ದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತಿತ್ತು.

ಹೊಸ ಅಂಗವು ಪೇಟೆಯಿಂದ ಬರುವವರೆಗೆ, ಪರಿಚಿತರೊಬ್ಬರ ಸಹಾಯದಿಂದ ಸಮೀಪದ ಎರಕದ ಕಾರ್ಖಾನೆಯೊಂದನ್ನು ನೋಡಿಬಂದೆವು. ಒದ್ದೆ ಮರಳನ್ನು ಒತ್ತಿ ಮಾಡಿದ ಅಚ್ಚುಗಳು ಸಾಲಾಗಿ ಕುಳಿತಿದ್ದವು. ಕೊಳವೆಯಂತೆ ಪೊಳ್ಳಾಗಬೇಕಾದೆಡೆ, ಅದೇ ಆಕಾರದ ಗಟ್ಟಿ ಮರಳಿನ ತಿರುಳನ್ನು ಅಚ್ಚಿನೊಳಗೆ ಇಡುತ್ತಾರೆ. ಕರಗಿದ ಲೋಹವು ಅದರ ಸುತ್ತ ತುಂಬಿ ಗಟ್ಟಿಯಾದ ಮೇಲೆ ಒಳಗಿನ ಮರಳನ್ನು ಕೊಡಹಿ ತೆಗೆದರೆ ಹೊಗೆಯ ದಾರಿ ತೆರೆಯುತ್ತದೆ. 1300 ಡಿಗ್ರಿಗೂ ಮೀರಿ ಕಾದ ಬೀಡು ಬಾನಿಯಿಂದ ಅಚ್ಚಿಗೆ ಇಳಿಯುವಾಗ ಅದರ ಬಣ್ಣ ಕೆಂಪಲ್ಲ, ಬೆಳ್ಳಗಾದ ಹಳದಿ, ಕಣ್ಣಿಟ್ಟು ನೋಡಲಾಗದು. ಬೀಡಿನೊಳಗಿನ ಇಂಗಾಲ ಪದರುಪದರಾಗಿ ನಿಂತರೆ ಬಿರುಕಿಗೆ ಅದೇ ದಾರಿಯಾಗುತ್ತದೆಂದೂ, 1943ರಲ್ಲಿ ಅಮೆರಿಕದ ಕೀತ್ ಮಿಲಿಸ್ ಎಂಬವರು ಕರಗಿದ ಬೀಡಿಗೆ ತುಸು ಮೆಗ್ನೀಸಿಯಮ್ ಸೇರಿಸಿ ಆ ಇಂಗಾಲವನ್ನು ಗುಂಡುಗುಂಡಾಗಿ ನಿಲ್ಲಿಸಿದರೆಂದೂ ಅಲ್ಲಿನ ಮೇಲ್ವಿಚಾರಕರು ತಿಳಿಸಿದರು. ಸೀಳುವ ಸ್ವಭಾವ ಕಡಿಮೆಯಾದ ಆ ಬಗೆಯ ಬೀಡಿನಿಂದ ಈಗ ಅನೇಕ ಮ್ಯಾನಿಫೋಲ್ಡುಗಳನ್ನು ಎರೆಯುತ್ತಾರೆ.

ಮರಳಿ ಬರುವಾಗ ಜೋಡಣೆ ಮೊದಲಾಗಿತ್ತು. ಹಳೆಯ ಪ್ಯಾಕಿಂಗಿನ ಚೂರುಗಳನ್ನೆಲ್ಲ ಕೆರೆದು, ಎಂಜಿನಿನ ಮುಖವನ್ನು ಒರೆಸಿ, ಹೊಸ ಸ್ಟಡ್ಡು, ಹೊಸ ಪ್ಯಾಕಿಂಗುಗಳನ್ನಿಟ್ಟು, ನಟ್ಟುಗಳೆಲ್ಲವನ್ನೂ ಮೊದಲು ಬರಿಗೈಯಿಂದ ಕೂರಿಸಿದರು. ಆಮೇಲೆ ಬಿಗಿತವನ್ನು ಅಳೆದು ತೋರಿಸುವ ಪಾನಾದಿಂದ, ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಸಾಗುತ್ತ, ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ, ತಯಾರಕರ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿದರು. ತುದಿಯಿಂದ ಬಿಗಿದರೆ ನಡುವೆ ಉಬ್ಬು ಉಳಿಯುತ್ತದೆ. ಅಳತೆ ಮೀರಿ ಬಿಗಿದರೆ ಬೆಳೆಯಲು ಎಡೆಯಿಲ್ಲದಾಗುತ್ತದೆ. ಮುರಿದ ಆಧಾರವನ್ನೂ ಹೊಸದಾಗಿ ಕಟ್ಟಿದರು. ಟರ್ಬೊವಿನ ಬಾಯಿಗೆ ಶುದ್ಧವಾದ ಎಣ್ಣೆಯನ್ನು ಹನಿಸಿ, ಎಣ್ಣೆಯ ಒತ್ತಡ ಏಳುವವರೆಗೆ ಎಂಜಿನ್ ಹೊತ್ತದಂತೆ ಬರಿದೆ ತಿರುಗಿಸಿ, ಕೊನೆಗೆ ಹಚ್ಚಿದಾಗ ಸಂಜೆಯಾಗಿತ್ತು. ಹೊಸ ಕಬ್ಬಿಣದ ಮೇಲಿನ ಎಣ್ಣೆ ಸುಟ್ಟು ತುಸು ಹೊಗೆಯೆದ್ದು ಅಡಗಿತು. ಟಿಕ್ ಟಿಕ್ ಸದ್ದು ಇರಲಿಲ್ಲ.

ಚಾಲಕನಿಗೆ ಆ ರಾತ್ರಿಯ ಮಾಲು ಹೋಯಿತು; ಅದರ ಮರುರಾತ್ರಿ ಮತ್ತೆ ಸಿಕ್ಕಿತು. ಹಣವನ್ನು ಅರ್ಧ ಕೊಟ್ಟು, ಉಳಿದುದಕ್ಕೆ ತಿಂಗಳ ವಾಯಿದೆ ಕೇಳಿದನು. ಮುದುಕನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡನು. ಅವನು ಬೀಳ್ಕೊಡುವಾಗ ಹೇಳಿದ ಮಾತು ಎರಡೇ: ಘಟ್ಟವನ್ನು ಹತ್ತಿದ ಕೂಡಲೆ ಎಂಜಿನನ್ನು ಆರಿಸದೆ ಎರಡು ನಿಮಿಷ ಮೆಲ್ಲನೆ ನಡೆಯಗೊಡಬೇಕು, ತಣ್ಣನೆಯ ಮುಂಜಾನೆಯಲ್ಲಿ ಎಂಜಿನಿನ ದನಿಯನ್ನು ಕಿವಿಗೊಟ್ಟು ಕೇಳಬೇಕು.

ಬಾಡಿಗೆಯ ಗಾಡಿಯಲ್ಲಿ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವ ಗೃಹಸ್ಥರೂ ಈ ಎರಡನೆಯ ಮಾತನ್ನು ನೆನಪಿಡುವುದು ಒಳ್ಳೆಯದು. ಹೊರಡುವ ಮುನ್ನ ಒಂದು ನಿಮಿಷ ನಿಂತು ಕೇಳುವುದಕ್ಕೆ ಯಾವ ವಿದ್ಯೆಯೂ ಬೇಡ. ಚೋರ್ಲಾ ಘಟ್ಟದ ಕಡೆ ಹೋಗುವವರು ಹಗಲಿನಲ್ಲಿಯೇ ಹೋಗಿ ಕಣಕುಂಬಿಯಲ್ಲಿ ಇಳಿಯಲಿ. ಮಲಪ್ರಭೆಯ ಉಗಮವನ್ನು ನೋಡುವುದಲ್ಲದೆ, ಏರಿ ಬಂದ ಎಂಜಿನಿಗೆ ಆರುವ ಹೊತ್ತೂ ದೊರೆತಂತಾಗುತ್ತದೆ.